ಹೊಳೆ ಮನೆಗೆ ಬಂದಾಗ ವಿಮೆ ಕೈ ಹಿಡಿಯುತ್ತಾ? ನಂಜನಗೂಡು, ಶ್ರೀರಂಗಪಟ್ಟಣದ ಕಡೆಯವರು ಬನ್ನಿ

ಕಪಿಲಾ ದಂಡೆ, ನಂಜನಗೂಡು

ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮುಂಚೆಯೇ ಈ ಮಾತು ಎತ್ತಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು.

ನಮ್ಮ ಮನೆ ತಗ್ಗಿನ ಬೀದಿಯಲ್ಲಿದೆ. ಹಿತ್ತಿಲ ಬಾಗಿಲು ತೆಗೆದರೆ ಹೊಳೆ ಕಾಣುತ್ತೆ. 2019ರ ಆಗಸ್ಟ್‌ನಲ್ಲಿ ಕಬಿನಿಯಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಬಿಟ್ಟರಲ್ಲ, ಆಗ ಹದಿನಾರು ಕಾಲು ಮಂಟಪ ಮುಳುಗಿತು. ಮಲ್ಲನಮೂಲೆ ಹತ್ತಿರ ಮೈಸೂರು ರಸ್ತೆ ಬಂದ್ ಆಯಿತು. ನಮ್ಮ ಮನೆಯೊಳಗೆ ಸೊಂಟದವರೆಗೆ ನೀರು. ಅಕ್ಕಿ ಡ್ರಮ್ಮು, ಹಾಸಿಗೆ ಎಲ್ಲಾ ಅಟ್ಟಕ್ಕೆ ಏರಿಸಿದೆವು. ಅತ್ತೆಯ ಹೊಲಿಗೆ ಮಿಷನ್ ಏರಿಸಲು ಆಗಲಿಲ್ಲ. ಗಂಜಿ ಕೇಂದ್ರದಿಂದ ವಾಪಸ್ ಬಂದು ಅದರ ಡ್ರಾಯರ್ ಎಳೆದರೆ ದಾರದ ಉಂಡೆಗಳ ಜೊತೆ ಒಂದು ಬೊಗಸೆ ಮೆಕ್ಕಲು ಬಂತು. ಅತ್ತೆ ಅದನ್ನ ಕೈಯಲ್ಲಿ ಹಿಡಿದುಕೊಂಡು ಸುಮ್ನೆ ಕೂತುಬಿಟ್ಟರು.

ಮಾಳಿಗೆ ಮೇಲೆ ಎರಡು ರೂಮು ಕಟ್ಟಲು ಬ್ಯಾಂಕಿನಲ್ಲಿ ಸಾಲ ತಗೊಂಡಿದ್ದೆವು. ಸಾಲ ಕೊಡುವಾಗಲೇ ‘ಇನ್ಶೂರೆನ್ಸ್’ ಅಂತ ದುಡ್ಡು ಹಿಡಿದುಕೊಂಡಿದ್ದರು. ಮನೆಗೆ ವಿಮೆ ಇದೆ ಅಂತಲೇ ನಾವು ನೆಮ್ಮದಿಯಾಗಿದ್ದೆವು. ನೀರು ಇಳಿದ ಮೇಲೆ ಕಾಗದ ತೆಗೆದು ಓದಿಸಿದರೆ ಅದು ನಮ್ಮ ಯಜಮಾನರ ಜೀವಕ್ಕೆ ಮಾಡಿದ ವಿಮೆ. ಅವರಿಗೆ ಏನಾದರೂ ಆದರೆ ಬ್ಯಾಂಕಿನ ಸಾಲ ತೀರುತ್ತೆ, ಅಷ್ಟೇ. ಗೋಡೆಗೆ, ಪಾತ್ರೆಗೆ, ಮಿಷನ್ನಿಗೆ ಒಂದು ಪೈಸೆ ಇಲ್ಲ.

ಈಗ ಮನೆಗೇ ವಿಮೆ ಮಾಡಿಸಬೇಕು ಅಂತಿದ್ದೇನೆ. ಅಣೆಕಟ್ಟಿನಿಂದ ಬಿಟ್ಟ ನೀರನ್ನ ಪ್ರವಾಹ ಅಂತ ಒಪ್ಪುತ್ತಾರಾ? ಇನ್ನೊಂದು ಚಿಂತೆ ಏನಂದ್ರೆ, ಹೊಳೆ ದಂಡೆ ವರ್ಷವರ್ಷ ಕುಸಿಯುತ್ತಾ ನಮ್ಮ ಹಿತ್ತಿಲ ಗೋಡೆ ಹತ್ತಿರ ಬರುತ್ತಿದೆ. ಅದಕ್ಕೂ ವಿಮೆ ಸಿಗುತ್ತಾ? ಗೊತ್ತಿದ್ದವರು ಬಿಡಿಸಿ ಹೇಳಿ.

ನಿವೃತ್ತ ಸರ್ವೇಯರ್, ಕುವೆಂಪುನಗರ

ಅಮ್ಮಾ, ನಾನು ಮೂವತ್ತು ವರ್ಷ ವಿಮೆಯ ನಷ್ಟ ಅಳೆಯುವ ಕೆಲಸವನ್ನೇ ಮಾಡಿದವನು. ನಿಮ್ಮ ಹಾಗೆ ಸಾಲದ ವಿಮೆಯನ್ನ ಮನೆಯ ವಿಮೆ ಅಂದುಕೊಂಡವರನ್ನ ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ನಿಮ್ಮ ತಪ್ಪೇನಿಲ್ಲ. ಸಹಿ ಹಾಕಿಸಿಕೊಳ್ಳುವಾಗ ಯಾರೂ ಬಿಡಿಸಿ ಹೇಳುವುದಿಲ್ಲ.

ಮನೆಗೆ ಅಂತಲೇ ಇರುವ ಪಾಲಿಸಿಯ ಹೆಸರು ‘ಭಾರತ್ ಗೃಹ ರಕ್ಷಾ’. 2021ರ ಏಪ್ರಿಲ್ 1ರಿಂದ ವಿಮಾ ಪ್ರಾಧಿಕಾರ ಇದನ್ನ ಜಾರಿಗೆ ತಂದಿದೆ. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ಭೂಕಂಪದ ಜೊತೆ ಪ್ರವಾಹ, ಜಲಾವೃತ ಎರಡೂ ಸೇರಿವೆ. ಅಣೆಕಟ್ಟಿನ ಗೇಟು ಯಾರು ತೆಗೆದರು ಅಂತ ಪಾಲಿಸಿ ಕೇಳುವುದಿಲ್ಲ. ನೀರು ನುಗ್ಗಿ ನಷ್ಟ ಆಯಿತಾ, ಅಷ್ಟೇ ಪ್ರಶ್ನೆ.

ಕಟ್ಟಡದ ಮೊತ್ತವನ್ನ ಮನೆಯ ಒಳಗಿನ ಅಳತೆಗೆ ಚದರಡಿಯ ಕಟ್ಟುವ ಖರ್ಚು ಗುಣಿಸಿ ಹಾಕುತ್ತಾರೆ. ಸೈಟಿನ ಬೆಲೆ ಅದರಲ್ಲಿ ಬರುವುದಿಲ್ಲ, ಯಾಕಂದ್ರೆ ಮನೆ ಬಿದ್ದರೂ ಸೈಟು ಅಲ್ಲೇ ಇರುತ್ತೆ ಅನ್ನುವ ಲೆಕ್ಕ. ಮನೆಯ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20ರಷ್ಟು ತಾನಾಗೇ ಸೇರುತ್ತೆ, 10 ಲಕ್ಷದ ಮಿತಿಯೊಳಗೆ. ಅತ್ತೆಯವರ ಹೊಲಿಗೆ ಮಿಷನ್ ಅಲ್ಲಿ ಬರುತ್ತೆ. ಚಿನ್ನಕ್ಕೆ ಬೇರೆಯಾಗಿ ಮಾಡಿಸಬೇಕು. ನಗದು, ವಾಹನ ಸೇರುವುದಿಲ್ಲ. ಮನೆ ವಾಸಕ್ಕೆ ಆಗದೆ ಬೇರೆ ಕಡೆ ಬಾಡಿಗೆಗೆ ಹೋದರೆ ಆ ಬಾಡಿಗೆಯನ್ನೂ ಕೊಡುತ್ತಾರೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಹಿಂದೆ ನೀರು ಬಂದಿತ್ತಾ ಅಂತ ಫಾರಂನಲ್ಲಿ ಕೇಳಿದರೆ ಬಂದಿತ್ತು ಅಂತಲೇ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮಿನ ದಿನ ಅದೇ ನಿಮಗೆ ಉರುಳಾಗುತ್ತೆ.

ದಂಡೆ ಕುಸಿತದ ಬಗ್ಗೆ ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಇರುವುದು ಬೇಸರದ ಉತ್ತರ. ಭೂಕುಸಿತಕ್ಕೆ, ಮನೆ ನಿಂತ ನೆಲ ಕುಸಿದರೆ ಅದಕ್ಕೆ ರಕ್ಷಣೆ ಇದೆ. ಅದರ ಕೆಳಗೇ, ಇವಕ್ಕೆ ಇಲ್ಲ ಅನ್ನುವ ಪಟ್ಟಿಯಲ್ಲಿ, ಕಡಲು ಅಥವಾ ನದಿಯ ಕೊರೆತ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ನೀರು ಒಳಗೆ ಬಂದು ಗೋಡೆ ಬಿದ್ದರೆ ದುಡ್ಡು. ಹೊಳೆ ವರ್ಷಗಟ್ಟಲೆ ಕೊರೆದು ಅದೇ ಗೋಡೆ ಬಿದ್ದರೆ ಇಲ್ಲ.

ಗದ್ದೆ ಬಯಲು, ಶ್ರೀರಂಗಪಟ್ಟಣ ತಾಲ್ಲೂಕು

ಸರ್, ನನಗೆ ಒಂದು ಮಾತು ಹೇಳಿ. ನೀರು ಬಿಡುವುದು ಸರ್ಕಾರ. ಕೆಆರ್‌ಎಸ್ 124.80 ಅಡಿ ತುಂಬುವವರೆಗೂ ತಡೆದು ಇಟ್ಟುಕೊಂಡು, ಕೊಡಗಿನಲ್ಲಿ ಮಳೆ ಜೋರಾದ ಕೂಡಲೇ ಒಂದೇ ಸಲ ಬಿಟ್ಟರೆ ನಮ್ಮ ಬಯಲು ಮುಳುಗದೆ ಇನ್ನೇನಾಗುತ್ತೆ? 2024ರ ಜುಲೈ ಕೊನೆಯಲ್ಲೂ ಲಕ್ಷ ಕ್ಯೂಸೆಕ್ ದಾಟಿಸಿದರು. ಅಂಥದ್ದರಲ್ಲಿ ನಾವ್ಯಾಕೆ ಪ್ರೀಮಿಯಂ ಕಟ್ಟಬೇಕು? ಬಿಟ್ಟವರೇ ಕಟ್ಟಿಕೊಡಲಿ.

ಬೆಳೆ ವಿಮೆ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಭತ್ತಕ್ಕೆ ಎರಡು ವರ್ಷ ವಿಮೆ ಕಟ್ಟಿದೆ. ನಾಟಿ ಮಾಡಿ ಇಪ್ಪತ್ತು ದಿನಕ್ಕೆ ಹೊಳೆ ಉಕ್ಕಿ ಮೂರು ಎಕರೆ ಆರು ದಿನ ನೀರಡಿ ಇತ್ತು. ನೀರು ಇಳಿದ ಮೇಲೆ ಪೈರು ಕೊಳೆತು ಅಂಟಂಟಾಗಿ ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ಫೋನ್ ಮಾಡಿದರೆ ಭತ್ತಕ್ಕೆ ಮುಳುಗಡೆ ಪರಿಹಾರ ಇಲ್ಲ ಅಂದರು. ಭತ್ತ ನೀರಲ್ಲೇ ಬೆಳೆಯೋ ಬೆಳೆ ಅಲ್ವಾ ಅಂತ ನನಗೇ ತಿರುಗಿ ಕೇಳಿದರು. ಎರಡು ಇಂಚು ನೀರಲ್ಲಿ ನಿಲ್ಲುವುದಕ್ಕೂ ತಲೆ ಮೇಲೆ ಆರಡಿ ನೀರು ಹೊತ್ತುಕೊಳ್ಳುವುದಕ್ಕೂ ವ್ಯತ್ಯಾಸ ಇಲ್ವಾ? ಆವತ್ತೇ ತೀರ್ಮಾನ ಮಾಡಿದೆ, ಇನ್ನು ಕಟ್ಟಲ್ಲ ಅಂತ.

ನಿವೃತ್ತ ಆರ್‌ಐ, ಮಂಡ್ಯ

ಅಣ್ಣ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಕಂದಾಯ ನಿರೀಕ್ಷಕನಾಗಿ ನಷ್ಟದ ಪಂಚನಾಮೆ ಬರೆದ ಕೈ ನನ್ನದು. ಸರ್ಕಾರ ‘ಕಟ್ಟಿಕೊಡುವುದು’ ಎಷ್ಟು ಅಂತ ಒಮ್ಮೆ ನೋಡಿಬಿಡಿ.

ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಒಂದು ದರಪಟ್ಟಿ ಮಾಡಿದೆ. 2022ರಿಂದ 2026ರ ಮಾರ್ಚ್‌ವರೆಗಿನ ಪಟ್ಟಿ ನನಗೆ ಬಾಯಿಪಾಠ. ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಮಳೆಯಾಶ್ರಿತಕ್ಕೆ 8,500, ಬಹುವಾರ್ಷಿಕ ಬೆಳೆಗೆ 22,500. ಅದೂ ಬೆಳೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ, ಎರಡು ಹೆಕ್ಟೇರ್ ಮಿತಿಯಲ್ಲಿ. ಎಕರೆಗೆ ಇಳಿಸಿದರೆ ಭತ್ತಕ್ಕೆ ಏಳು ಸಾವಿರವೂ ಮುಟ್ಟುವುದಿಲ್ಲ. 2025ರಲ್ಲಿ ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಕ್ಟೇರಿಗೆ 8,500 ಸೇರಿಸಿತು, ಆದರೆ ಅದು ಆ ವರ್ಷದ ತೀರ್ಮಾನ. ಪ್ರತಿ ಸಲ ಸಿಗುತ್ತೆ ಅಂತ ನಂಬಿ ಕೂರುವಂತಿಲ್ಲ.

ಮನೆ ಪೂರ್ತಿ ಬಿದ್ದರೆ ಕೇಂದ್ರದ ಪಟ್ಟಿಯಲ್ಲಿ ಬಯಲು ಸೀಮೆಗೆ 1,20,000. ಪಕ್ಕಾ ಮನೆ ಸ್ವಲ್ಪ ಹಾಳಾದರೆ 6,500. ಆರೂವರೆ ಸಾವಿರಕ್ಕೆ ಈಗ ಒಂದು ಗೋಡೆಗೆ ಗಾರೆ ಮಾಡಿಸಲು ಆಗುತ್ತಾ? 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ 5 ಲಕ್ಷದವರೆಗೆ ಕೊಟ್ಟಿದ್ದು ನಿಜ. ಆಗ ಯಾವ ಮನೆ ಯಾವ ದರ್ಜೆಗೆ ಸೇರಬೇಕು ಅನ್ನುವುದಕ್ಕೆ ಊರೂರಲ್ಲಿ ಎಷ್ಟು ಜಗಳ ಆಯಿತು ಅಂತ ನಾನೇ ಕಂಡಿದ್ದೇನೆ.

ಇದು ಪರಿಹಾರ. ನಷ್ಟ ತುಂಬಿಕೊಡುವುದಕ್ಕೆ ಮಾಡಿದ್ದಲ್ಲ, ಬಿದ್ದವರು ಎದ್ದು ನಿಲ್ಲಲಿ ಅಂತ ಕೊಡುವ ಕೈಯಾಸರೆ. ವಿಮೆ ಅನ್ನುವುದು ಒಪ್ಪಂದ, ಪ್ರೀಮಿಯಂ ಕಟ್ಟಿದವನಿಗೆ ಹಕ್ಕಿನಿಂದ ಕೇಳುವ ಬಾಯಿ ಇರುತ್ತೆ. ಎರಡೂ ಬೇಕು. ಒಂದು ತಗೊಂಡರೆ ಇನ್ನೊಂದು ಬಿಡಬೇಕು ಅಂತೇನೂ ಇಲ್ಲ.

ನಿಮ್ಮ ಭತ್ತದ ವಿಷಯಕ್ಕೆ ಬರುತ್ತೇನೆ. 2018ರಲ್ಲಿ ಕೇಂದ್ರದ ಬೆಳೆ ವಿಮೆ ಯೋಜನೆಯಾದ ಫಸಲ್ ಬಿಮಾದಲ್ಲಿ, ಒಬ್ಬೊಬ್ಬರ ಗದ್ದೆ ನೋಡಿ ದುಡ್ಡು ಕೊಡುವ ಸ್ಥಳೀಯ ವಿಕೋಪದ ಪಟ್ಟಿಯಿಂದ ಭತ್ತದ ಮುಳುಗಡೆಯನ್ನ ತೆಗೆದುಹಾಕಿದ್ದರು. ಉಳಿದದ್ದು ಪಂಚಾಯಿತಿ ಸರಾಸರಿ ಒಂದೇ. ಬೆಳೆ ಕಟಾವು ಪ್ರಯೋಗದಲ್ಲಿ ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿ ಕಮ್ಮಿ ಬಂದರೆ ಮಾತ್ರ ಎಲ್ಲರಿಗೂ ದುಡ್ಡು. ಹೊಳೆ ಪಕ್ಕದ ಇಪ್ಪತ್ತು ಜನರ ಗದ್ದೆ ಕೊಳೆತು, ನಾಲೆ ಕೆಳಗಿನ ಇನ್ನೂರು ಜನರ ಗದ್ದೆ ಚೆನ್ನಾಗಿ ಬಂದರೆ ಸರಾಸರಿ ಚೆನ್ನಾಗೇ ಇರುತ್ತೆ. ಹೊಳೆದಂಡೆಯ ರೈತನ ನಷ್ಟ ಆ ಲೆಕ್ಕದಲ್ಲಿ ಕರಗಿಹೋಗುತ್ತೆ. ನಿಮಗೆ ಆದದ್ದು ಇದೇ.

ಈಗ ಬದಲಾಗಿದೆ. 2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಭತ್ತದ ಮುಳುಗಡೆಯನ್ನ ಮತ್ತೆ ಸೇರಿಸುವುದಾಗಿ ಹೇಳಿತು, 2026ರ ಮುಂಗಾರಿನಿಂದ. ಕಾಡುಪ್ರಾಣಿ ಹಾವಳಿಯನ್ನೂ ಸೇರಿಸಿದ್ದಾರೆ. ಮುಂಗಾರಿಗೆ ರೈತರ ಪಾಲು ವಿಮಾ ಮೊತ್ತದ ಶೇ. 2 ಮಾತ್ರ. ಕಟ್ಟುವ ಮೊದಲು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಈ ವರ್ಷದ ಅಧಿಸೂಚನೆ ತೋರಿಸಿ ಅಂತ ಕೇಳಿ. ನಿಮ್ಮ ಬೆಳೆ ಅದರಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿಕೊಂಡೇ ದುಡ್ಡು ಕೊಡಿ.

ಗದ್ದೆ ಬಯಲು, ಶ್ರೀರಂಗಪಟ್ಟಣ ತಾಲ್ಲೂಕು

ಇದು ನನಗೆ ಗೊತ್ತಿರಲಿಲ್ಲ ಸರ್. ಸರಾಸರಿ ಲೆಕ್ಕ ಇಷ್ಟು ದಿನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಮುಳುಗಿದ ಮೇಲೆ ಏನು ಮಾಡಬೇಕು?

ನಿವೃತ್ತ ಆರ್‌ಐ, ಮಂಡ್ಯ

72 ಗಂಟೆ. ಇದನ್ನ ಮನೆ ಗೋಡೆ ಮೇಲೆ ಬರೆದಿಡಿ. ನಷ್ಟ ಆದ 72 ಗಂಟೆಯೊಳಗೆ ಬೆಳೆ ವಿಮೆ ಆ್ಯಪ್‌ನಲ್ಲೋ 14447 ನಂಬರಿಗೋ ತಿಳಿಸಬೇಕು. ಗದ್ದೆಯಲ್ಲೇ ನಿಂತು, ಜಾಗದ ಗುರುತು ಬೀಳುವ ಹಾಗೆ ಫೋಟೋ ತೆಗೆಯಬೇಕು. ಕೊಯ್ದು ಒಣಗಲು ಹರವಿದ ತೆನೆ ಮಳೆಗೆ ನೆನೆದರೂ 14 ದಿನದವರೆಗೆ ರಕ್ಷಣೆ ಇದೆ.

ಇನ್ನೊಂದು ಎಡವಟ್ಟು ತುಂಬಾ ಜನಕ್ಕೆ ಆಗುತ್ತೆ. ವಿಮೆಯಲ್ಲಿ ಭತ್ತ ಅಂತ ಬರೆಸಿರುತ್ತಾರೆ, ಬೆಳೆ ಸಮೀಕ್ಷೆಯಲ್ಲಿ ಕಬ್ಬು ಅಂತ ನಮೂದಾಗಿರುತ್ತೆ. ಎರಡೂ ತಾಳೆ ಆಗದಿದ್ದರೆ ಅರ್ಜಿಯೇ ಬಿದ್ದುಹೋಗುತ್ತೆ. ಸಮೀಕ್ಷೆಯವರು ಬಂದಾಗ ಗದ್ದೆಯಲ್ಲಿ ನೀವೇ ಇರಿ. ಆಮೇಲೆ ಮೊಬೈಲಿನಲ್ಲಿ ಏನು ದಾಖಲಾಗಿದೆ ನೋಡಿ. ತಪ್ಪಿದ್ದರೆ ಆಕ್ಷೇಪಣೆಗೆ ಸಮಯ ಇರುವಾಗಲೇ ಹಾಕಿ. ಪಹಣಿ ತಾತನ ಹೆಸರಲ್ಲೇ ಉಳಿದಿದ್ದರೆ ಪೌತಿ ಖಾತೆ ಮಾಡಿಸಿಕೊಳ್ಳಿ. ಹೊಳೆ ಬಂದ ವಾರದಲ್ಲಿ ಪೌತಿ ಖಾತೆಗೆ ಓಡಾಡಿದ ಅಣ್ಣತಮ್ಮಂದಿರನ್ನ ನೋಡಿ ನನ್ನ ಹೊಟ್ಟೆ ಉರಿದಿದೆ.

ಉಳ್ಳಾಲದವ, ಈಗ ಮೈಸೂರಿನ ಹೆಬ್ಬಾಳ

ನಂಜನಗೂಡಿನ ಅಕ್ಕ ದಂಡೆ ಕುಸಿತದ ಬಗ್ಗೆ ಬರೆದದ್ದು ಓದಿ ನನಗೆ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ನಮ್ಮ ಕಡೆ ಅದಕ್ಕೆ ಕಡಲ್ಕೊರೆತ ಅಂತಾರೆ. ಅಜ್ಜನ ಮನೆಯ ಎದುರು ನಾಲ್ಕು ಸಾಲು ತೆಂಗಿನ ಮರ ಇತ್ತು ಮಾರಾಯ್ರೆ. ನಾನು ಹೈಸ್ಕೂಲಿಗೆ ಹೋಗುವಾಗ ಎರಡು ಸಾಲು. ಈಗ ಒಂದೂ ಇಲ್ಲ. ಮೊದಲು ಬೇರಿನ ಅಡಿಯ ಹೊಯ್ಗೆ ಹೋಗುತ್ತದೆ. ಬೇರು ಗಡ್ಡದ ಹಾಗೆ ನೇತಾಡುತ್ತದೆ. ಒಂದು ದಿನ ಮರ ಕಡಲಿಗೆ ತಲೆ ಹಾಕಿ ಮಲಗುತ್ತದೆ.

ಪ್ರತಿ ಮಳೆಗಾಲ ಲಾರಿಯಲ್ಲಿ ಕಲ್ಲು ತಂದು ಸುರಿಯುತ್ತಾರೆ. ಅಲೆ ಕಲ್ಲಿನ ಅಡಿಯ ಮರಳನ್ನೇ ಎಳೆದುಕೊಳ್ಳುತ್ತದೆ, ಕಲ್ಲು ಹೂತು ಹೋಗುತ್ತದೆ. ಮುಂದಿನ ವರ್ಷ ಮತ್ತೆ ಕಲ್ಲು. ಕಲ್ಲು ಹಾಕಿದ ಜಾಗ ಉಳಿದರೂ ಅದರ ಪಕ್ಕದ ಮನೆಯವರ ದಂಡೆಗೆ ಕೊರೆತ ಜಾಸ್ತಿ ಆಗುವುದು ಉಂಟು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ಯೋಜನೆಯಲ್ಲಿ ಉಳ್ಳಾಲದ ಕಡಲಿನೊಳಗೇ ತಡೆದಂಡೆ ಕಟ್ಟಿದರು. ಅಲೆಯ ಬಲವನ್ನು ದೂರದಲ್ಲೇ ಮುರಿಯಬೇಕು ಅನ್ನುವುದು ಅದರ ಲೆಕ್ಕ. ಹೊಳೆಗೂ ಇದೇ ಮಾತು ಅಂತ ನನಗೆ ಕಾಣುತ್ತದೆ. ನಿಮ್ಮ ಹಿತ್ತಿಲಿಗೆ ಮಾತ್ರ ಗೋಡೆ ಕಟ್ಟಿದರೆ ನೀರು ಪಕ್ಕದವರ ಹಿತ್ತಿಲು ಹುಡುಕುತ್ತದೆ. ಇಡೀ ಬೀದಿಯವರು ಒಟ್ಟಿಗೆ ಕೇಳಬೇಕು ಅಕ್ಕ.

ಕಡಲ ಬದಿಗೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಉಂಟು. 2019ರ ಅಧಿಸೂಚನೆಯಲ್ಲಿ ಹಳ್ಳಿಗಳ ಕಡೆ ಜನ ದಟ್ಟವಾಗಿದ್ದರೆ ಭರತರೇಖೆಯಿಂದ (ಉಬ್ಬರದ ನೀರು ಮುಟ್ಟುವ ಗೆರೆಯಿಂದ) 50 ಮೀಟರ್, ಇಲ್ಲದಿದ್ದರೆ 200 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಹಳೆಯ ಮನೆಯವರಿಗೆ ಇದರಿಂದ ಸಂಕಟ. ಕೊರೆತ ಬಂದಾಗ ಹಿಂದೆ ಸರಿದು ಕಟ್ಟಲು ಜಾಗವೂ ಇಲ್ಲ, ವಿಮೆಯೂ ಇಲ್ಲ.

ಸರಸ್ವತಿಪುರಂ ಅಮ್ಮ

ನನ್ನ ಮಗಳು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದಾಳೆ. ಹೋದ ಸಲ ಹೋದಾಗ ಸಮುದ್ರದ ಪಕ್ಕ ರೊಡಾಂತೆ ಅನ್ನುವ ಊರು ತೋರಿಸಿದಳು. ಎತ್ತರದ ಮರದ ಕಂಬಗಳ ಮೇಲೆ ಮನೆಗಳು, ಕೆಳಗೆ ಅಲೆ ಹೊಡೆಯುತ್ತಿತ್ತು. 2020ರಿಂದ ಈಚೆಗೆ ಅಲ್ಲಿ ಒಂದೊಂದೇ ಮನೆ ಸಮುದ್ರಕ್ಕೆ ಬೀಳುತ್ತಿವೆಯಂತೆ.

ಅಲ್ಲಿ ಪ್ರವಾಹ ವಿಮೆಯನ್ನ 1968ರಿಂದ ಸರ್ಕಾರವೇ ನಡೆಸುತ್ತಿದೆ. ಊರಿನ ಆಡಳಿತ ಮೊದಲು ಪ್ರವಾಹ ಬಯಲಿನಲ್ಲಿ ಹೇಗೆ ಕಟ್ಟಬೇಕು ಅನ್ನುವ ನಿಯಮ ಒಪ್ಪಿ ಜಾರಿಗೆ ತರಬೇಕು. ಆಮೇಲೆ ಆ ಊರಿನವರಿಗೆ ವಿಮೆ. ನಕ್ಷೆಯಲ್ಲಿ ಅಪಾಯದ ಜಾಗ ಅಂತ ಗುರುತಾದ ಮನೆಗೆ ಬ್ಯಾಂಕು ಸಾಲ ಕೊಟ್ಟರೆ ಪ್ರವಾಹ ವಿಮೆ ಕಡ್ಡಾಯ. ಕೊಂಡ ಮೇಲೂ ಸಾಮಾನ್ಯವಾಗಿ 30 ದಿನ ಕಾಯಬೇಕು, ಬಿರುಗಾಳಿ ಸುದ್ದಿ ಕೇಳಿ ಓಡಿ ಬರುವಂತಿಲ್ಲ.

ಆದರೆ ನಿಧಾನವಾಗಿ ಆಗುವ ಕೊರೆತಕ್ಕೆ ಅಲ್ಲೂ ದುಡ್ಡಿಲ್ಲ. ಮಾಮೂಲಿಗಿಂತ ಜೋರಾದ ಅಲೆ ಬಂದು ದಂಡೆ ಕುಸಿದು ಪ್ರವಾಹ ಆದರೆ ಮಾತ್ರ ಉಂಟು. ಬೀಳುವ ಮೊದಲೇ ಮನೆಯನ್ನ ಹಿಂದಕ್ಕೆ ಸಾಗಿಸಲಿಕ್ಕೆ, ಕೆಡವಲಿಕ್ಕೆ ವಿಮೆಯಿಂದ ನೆರವು ಕೊಡುವ ಕಾನೂನನ್ನ 1987ರಲ್ಲಿ ತಂದಿದ್ದರು, 1994ರಲ್ಲಿ ತೆಗೆದರು. ಈಗ ಬಿದ್ದ ಮೇಲೆಯೇ ದುಡ್ಡು. ಬಿದ್ದ ಮನೆಯ ಹಲಗೆ, ಮೊಳೆ ಎಲ್ಲಾ ಮೈಲುಗಟ್ಟಲೆ ದಡದಲ್ಲಿ ಹರಡಿಕೊಳ್ಳುತ್ತೆ. ಅಷ್ಟು ದುಡ್ಡಿರುವ ದೇಶದಲ್ಲೂ ಇದಕ್ಕೆ ದಾರಿ ಸಿಕ್ಕಿಲ್ಲವಲ್ಲ ಅಂತ ನನಗೆ ಆಶ್ಚರ್ಯ ಆಯಿತು.

ನಿವೃತ್ತ ಆರ್‌ಐ, ಮಂಡ್ಯ

ಅಮ್ಮ ಹೇಳಿದ ಊರಿನ ನಿಯಮದ ಮಾತು ಮುಖ್ಯ. ನಮ್ಮ ಕೇಂದ್ರ ಸರ್ಕಾರವೂ 1975ರಲ್ಲೇ ಪ್ರವಾಹ ಬಯಲನ್ನ ಅಪಾಯಕ್ಕೆ ತಕ್ಕ ಹಾಗೆ ವಲಯ ಮಾಡುವ ಮಾದರಿ ಮಸೂದೆ ಬರೆದು ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆ ರಾಜ್ಯಗಳು ಕಾನೂನು ಮಾಡಿದವು. ನಮ್ಮದು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಹೊಳೆ ಪಕ್ಕದ ಗದ್ದೆ ಸೈಟಾಗಿ ಮಾರಾಟವಾದಾಗ, ಕೊಳ್ಳುವವನ ಕೈಗೆ ‘ಇಲ್ಲಿಗೆ ನೀರು ಬಂದಿತ್ತು’ ಅಂತ ತೋರಿಸುವ ಒಂದು ನಕ್ಷೆಯೂ ಸಿಗುವುದಿಲ್ಲ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಅನ್ಯಾಯ ಅನ್ನಿಸುತ್ತೆ.

ಕೊರೆತಕ್ಕೆ ದಾರಿಯೇ ಇಲ್ಲ ಅಂತಲೂ ಅಲ್ಲ. ನಾನು ಆಗ ಹೇಳಿದ 2026ರ ಮಾರ್ಚ್‌ವರೆಗಿನ ದರಪಟ್ಟಿಯಲ್ಲೇ, ಹೊಳೆ ಪಾತ್ರ ಬದಲಿಸಿ ಜಮೀನು ನುಂಗಿದರೆ ಸಣ್ಣ, ಅತಿ ಸಣ್ಣ ರೈತರಿಗೆ ಹೆಕ್ಟೇರಿಗೆ 47,000. ಎಕರೆಗೆ ಸುಮಾರು 19 ಸಾವಿರ. ಗದ್ದೆ ಮೇಲೆ ಮೂರು ಇಂಚಿಗಿಂತ ದಪ್ಪ ಹೂಳು ಕೂತರೆ ತೆಗೆಸಲು ಹೆಕ್ಟೇರಿಗೆ 18,000. ಇವಕ್ಕೆ ಅರ್ಜಿ ಕೊಡಬೇಕು ಅಂತ ಎಷ್ಟೋ ರೈತರಿಗೆ ಗೊತ್ತಿಲ್ಲ, ಬೆಳೆ ಪರಿಹಾರ ಒಂದನ್ನೇ ಬರೆಸಿ ಬರುತ್ತಾರೆ. ಮತ್ತೆ 15ನೇ ಹಣಕಾಸು ಆಯೋಗ 2021ರಿಂದ 26ರ ಅವಧಿಗೆ ದೇಶಕ್ಕೆಲ್ಲ ಸೇರಿ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ಇಡಿ ಅಂತ ಶಿಫಾರಸು ಮಾಡಿತ್ತು. ಕಡಲ ಕೊರೆತಕ್ಕೂ ನದಿ ಕೊರೆತಕ್ಕೂ ಸೇರಿಸಿಯೇ ಹೇಳಿದ ಮಾತು ಅದು. ಕಾವೇರಿ, ಕಪಿಲಾ ದಂಡೆಯವರು ಕೇಳಿದರೆ ತಾನೇ ನಮ್ಮ ಹೆಸರು ಫೈಲಿಗೆ ಹತ್ತುವುದು?

ಹೊಸ ಮನೆ, ಮೈಸೂರು

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮದು ಹೊಳೆ ಪಕ್ಕ ಅಲ್ಲ, ಬಡಾವಣೆ. ರಾಜಕಾಲುವೆ ಉಕ್ಕಿ ಕಾರು ನಿಲ್ಲಿಸುವ ಜಾಗಕ್ಕೆ ನೀರು ಬಂತು. ಕಾರಿನ ವಿಮೆ ಇತ್ತು, ಆದರೂ ಎಂಜಿನ್ನಿಗೆ ದುಡ್ಡು ಕೊಡಲಿಲ್ಲ. ಇದು ಸರಿನಾ?

ನಿವೃತ್ತ ಸರ್ವೇಯರ್, ಕುವೆಂಪುನಗರ

ನೀರಲ್ಲಿ ನಿಂತ ಕಾರನ್ನ ಸ್ಟಾರ್ಟ್ ಮಾಡಿದಿರಾ? ಹಾಗೆ ಮಾಡಿದರೆ ಎಂಜಿನ್ ಒಳಗೆ ನೀರು ಎಳೆದುಕೊಂಡು ಕಚ್ಚಿಕೊಳ್ಳುತ್ತೆ. ಎಂಜಿನ್ ರಕ್ಷಣೆ ಅಂತ ಬೇರೆಯಾಗಿ ಕಟ್ಟಿರದಿದ್ದರೆ ಅದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಕಾರು ಮುಳುಗಿದ್ದರೆ ಕೀ ಮುಟ್ಟಬೇಡಿ, ಎಳೆಸಿಕೊಂಡು ಹೋಗಿ. ನಿಮಗೆ ಅನ್ಯಾಯ ಆಗಿದೆ ಅನ್ನಿಸಿದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ.

ಮನೆಯವರಿಗೂ ಒಂದು ಮಾತು. ನೀರು ಇಳಿದ ತಕ್ಷಣ ತೊಳೆಯಲು ಶುರು ಮಾಡುತ್ತೀರಿ. ಹೆಣ್ಣುಮಕ್ಕಳಿಗೆ ಆ ವಾಸನೆ ತಡೆಯಲು ಆಗುವುದಿಲ್ಲ, ನನಗೆ ಅರ್ಥ ಆಗುತ್ತೆ. ಆದರೂ ಅರ್ಧ ಗಂಟೆ ತಡೆಯಿರಿ. ಗೋಡೆ ಮೇಲೆ ಕೆಸರಿನ ಗೆರೆ ನಿಂತಿರುತ್ತೆ. ಪಕ್ಕದಲ್ಲಿ ಅಳತೆ ಟೇಪು ಹಿಡಿದು ಫೋಟೋ ತೆಗೆಯಿರಿ. ಒಂದೊಂದು ಸಾಮಾನಿನದ್ದೂ ತೆಗೆಯಿರಿ, ಮಿಕ್ಸಿ, ಫ್ರಿಜ್ಜಿನ ನಂಬರ್ ಪಟ್ಟಿ ಕಾಣುವ ಹಾಗೆ. ಒಮ್ಮೆ ಒಂದು ಮನೆಗೆ ಹೋದಾಗ ಎಲ್ಲಾ ತೊಳೆದು, ಸುಣ್ಣ ಹೊಡೆದು, ನನಗೆ ಕಾಫಿ ಕೊಟ್ಟು ಕೂರಿಸಿದರು. ನಷ್ಟ ತೋರಿಸಲು ಏನೂ ಉಳಿದಿರಲಿಲ್ಲ. ಕೊನೆಗೆ ಗೋಡೆಯ ಕ್ಯಾಲೆಂಡರ್ ಎತ್ತಿದೆ. ಅದರ ಹಿಂದೆ ಒಂದು ಗೇಣು ಜಾಗದಲ್ಲಿ ಸುಣ್ಣ ಬಿದ್ದಿರಲಿಲ್ಲ, ಗೆರೆ ಹಾಗೇ ಇತ್ತು. ನೆಲದಿಂದ ಮೂರಡಿ ಎರಡು ಇಂಚು. ಆ ಗೆರೆಯಿಂದಲೇ ಅವರ ಕ್ಲೇಮು ಉಳಿಯಿತು.

ಕಪಿಲಾ ದಂಡೆ, ನಂಜನಗೂಡು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ನಾನೂ ಯಜಮಾನರೂ ಮೈಸೂರಿಗೆ ಹೋಗಿ ಗೃಹ ರಕ್ಷಾ ಪಾಲಿಸಿ ಮಾಡಿಸಿದೆವು. ಹಿಂದೆ ನೀರು ಬಂದಿತ್ತು ಅಂತ ಬರೆದೆವು, 2019 ಅಂತ ಇಸವಿ ಸಮೇತ. ಅಲ್ಲಿದ್ದವರು ಒಂದೆರಡು ಪ್ರಶ್ನೆ ಜಾಸ್ತಿ ಕೇಳಿದರು, ಆದರೆ ಕೊಟ್ಟರು. ಕೊರೆತದ ಸಾಲು ಎಲ್ಲಿದೆ ಅಂತ ನಾನೇ ಕೇಳಿ ಓದಿಸಿಕೊಂಡೆ. ಸರ್ವೇಯರ್ ಸರ್ ಹೇಳಿದ ಹಾಗೇ ಇತ್ತು.

ದಂಡೆಯ ವಿಷಯಕ್ಕೆ ಬೀದಿಯ ಹನ್ನೊಂದು ಮನೆಯವರು ಸೇರಿ ಅರ್ಜಿ ಬರೆಯುತ್ತಿದ್ದೇವೆ. ಉಳ್ಳಾಲದ ತಮ್ಮ ಹೇಳಿದ ಮಾತು ಎಲ್ಲರಿಗೂ ನಾಟಿತು. ಪಕ್ಕದ ಮನೆಯವರು ತಮಗೊಬ್ಬರಿಗೇ ಗೋಡೆ ಕಟ್ಟಿಸಲು ಇಟ್ಟಿಗೆ ತರಿಸಿದ್ದರು, ನಿಲ್ಲಿಸಿದ್ದಾರೆ. ಆರ್‌ಐ ಸರ್, ಅರ್ಜಿ ತಹಸೀಲ್ದಾರರಿಗೆ ಕೊಡಬೇಕಾ, ನೀರಾವರಿ ನಿಗಮಕ್ಕಾ?

ನಿವೃತ್ತ ಆರ್‌ಐ, ಮಂಡ್ಯ

ಎರಡು ಕಡೆಗೂ ಕೊಡಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಪ್ರತಿ ಕಡೆಯೂ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ದಂಡೆಯಿಂದ ನಿಮ್ಮ ಗೋಡೆಗೆ ಈಗ ಎಷ್ಟು ಅಡಿ ಇದೆ ಅಂತ ಅಳೆದು, ತಾರೀಕು ಹಾಕಿ ಬರೆಯಿರಿ.

ಕಪಿಲಾ ದಂಡೆ, ನಂಜನಗೂಡು

ಅಳೆದೆವು ಸರ್. ಅತ್ತೆಯೇ ತಮ್ಮ ಹೊಲಿಗೆ ಟೇಪು ತಂದುಕೊಟ್ಟರು. ಅದು ಸಾಲಲಿಲ್ಲ, ಗುರುತು ಹಾಕಿಕೊಂಡು ಐದು ಸಲ ಇಟ್ಟೆವು. ಇಪ್ಪತ್ತೈದು ಅಡಿ ಬಂತು.